ಮಾರ್ಥಾ ಟೀಚರ ಪೆಪ್ಪರಮೆಂಟು

ಭಾನುವಾರ ಚರ್ಚಿಗೆ ಬರುವಾಗ ಮಾರ್ಥಾ ಟೀಚರ ಒಂದು ಕೈಯಲ್ಲಿ ಹಾಡಿನ ಪುಸ್ತಕ, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಬುತ್ತಿ ಇದೆ ಎಂದುಕೊಂಡ ಹೊಸಬರು ಬೇಸ್ತು ಬೀಳುತ್ತಿದ್ದರು. ಅದರಲ್ಲಿ ಇರುತ್ತಿದ್ದದ್ದು ಆಡಿನ ಹೃದಯ. ಒಂದೊಂದು ವಾರ ಕಣ್ಣು, ಇಲ್ಲವೆ ಮೂತ್ರಪಿಂಡ. ಆರಾಧನೆ ಮುಗಿದು ದೊಡ್ಡವರು ಚಹಾಕ್ಕೆ ಕೂತಾಗ ಟೀಚರು ಸಂಡೇ ಸ್ಕೂಲಿನ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂಡಿಸಿಕೊಂಡು, ಬ್ಲೇಡಿನಿಂದ ಅದನ್ನು ಸೀಳುತ್ತಿದ್ದರು.

“ನೋಡ್ರಿ, ಎಷ್ಟ್ ಚಂದ ಬಾಗಲಾ ಕೂಡಿಸ್ಯಾನ ದೇವರು! ರಕ್ತ ಈ ಕಡಿಂದ ಹೋಗ್ತದ, ಹೊಳ್ಳಿ ಬರಂಗಿಲ್ಲ.”

ಹೆಂಗಸರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಟೀಚರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಅದೇ ಹೃದಯವನ್ನು ಮನೆಗೆ ಒಯ್ದು ಸಾರು ಮಾಡುತ್ತಿದ್ದರು.

ಜೇವರ್ಗಿಯ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರು. ಅಲ್ಲಿ ಹೇಗಿದ್ದರೋ ಕಾಣೆ, ನಮಗೆ ಮಾತ್ರ ಅವರ ಕೈಚೀಲದ ಪೆಪ್ಪರಮೆಂಟೇ ದೊಡ್ಡದು. ಉತ್ತರ ಹೇಳಿದವರಿಗೆ ಅದು ಸಿಗುತ್ತಿರಲಿಲ್ಲ. ಟೀಚರು ಹೇಳಿದ್ದಕ್ಕೆ “ಹೆಂಗ ಗೊತ್ತಾತ್ರಿ?” ಎಂದು ತಿರುಗಿ ಕೇಳಿದವರಿಗೆ ಸಿಗುತ್ತಿತ್ತು. ಆಡಿನ ಹೃದಯದಂತೆಯೇ ನಮ್ಮದೂ ಇದೆ ಎಂದು ಹೆಂಗ ಗೊತ್ತಾತು ಎಂದು ನಾನು ಕೇಳಿದ ದಿನ ಎರಡು ಕೊಟ್ಟಿದ್ದರು. “ಈಕಿ ಮುಂದ ಬರ್ತಾಳ ನೋಡ್ರಿ” ಎಂದು ಅವ್ವನಿಗೆ ಬೇರೆ ಹೇಳಿದರು. ಅವತ್ತಿನಿಂದ ನಾನು ಅವರ ಬೆನ್ನು ಬಿಡಲಿಲ್ಲ.

ನಮ್ಮ ಚರ್ಚಿನ ಸಭೆಯ ಮನೆಗಳಲ್ಲಿ ವಿಜ್ಞಾನವೆಂದರೆ ಭಾರಿ ಮರ್ಯಾದೆ, ಆದರೆ ಅದಕ್ಕೊಂದು ಗೆರೆ ಇತ್ತು. ಹೆಣ್ಣುಮಕ್ಕಳು ವಿಜ್ಞಾನ ಓದಬೇಕು, ನರ್ಸ್ ಆಗಬೇಕು. ಗಂಡುಮಕ್ಕಳು ಓದಬೇಕು, ಲ್ಯಾಬಿಗೋ ಔಷಧಿ ಅಂಗಡಿಗೋ ಹೋಗಬೇಕು. ಪ್ರತಿ ಮನೆಯ ಗೋಡೆಯ ಮೇಲೂ ಬಿಳಿ ಟೊಪ್ಪಿಗೆಯ ಒಬ್ಬ ಚಿಕ್ಕಮ್ಮನ ಫೋಟೋ. ಅದರಾಚೆಗೆ ಓದಿದರೆ ಹುಡುಗರು ಕೆಡುತ್ತಾರೆ ಎಂಬ ಭಯ.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಆ ಭಯ ಸ್ಟೇಪ್ಲರ್ ಹಿಡಿದುಕೊಂಡು ಬಂತು. ವಿಜ್ಞಾನದ ಪುಸ್ತಕದಲ್ಲಿ ಜೀವವಿಕಾಸದ ಪಾಠವಿದೆ, ಮಂಗನಿಂದ ಮನುಷ್ಯನಾದ ಎಂದು ಬರೆದಿದ್ದಾರೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಸಭೆಯ ಹಿರಿಯರಾದ ಸಾಮುವೆಲ್ ಕಾಕಾ ಆ ಪುಟಗಳನ್ನು ಓದಲಿಲ್ಲ. ಹರಿಯಲಿಕ್ಕೂ ಅವರಿಗೆ ಮನಸ್ಸಾಗಲಿಲ್ಲ, ಪುಸ್ತಕ ಸರ್ಕಾರದ್ದು. ಭಾನುವಾರ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಪುಸ್ತಕಕ್ಕೂ ಟಕ್ ಟಕ್ ಎಂದು ಪಿನ್ನು ಹೊಡೆದು ಪಾಠವನ್ನೇ ಮುಚ್ಚಿಬಿಟ್ಟರು. ಅಪ್ಪ ನನ್ನ ಪುಸ್ತಕಕ್ಕೆ ನಾಲ್ಕು ಪಿನ್ನು ಹೆಚ್ಚಿಗೆ ಹೊಡೆಸಿದರು.

ಮುಂದಿನ ವಾರ ಟೀಚರು ಆ ಪುಸ್ತಕಗಳನ್ನೆಲ್ಲ ತರಿಸಿಕೊಂಡರು. ಬೇವಿನ ಕೆಳಗೆ ಕೂತು, ತುರುಬಿನ ಹೇರ್‌ಪಿನ್ ತೆಗೆದು, ಒಂದೊಂದೇ ಪಿನ್ನು ಕೀಳತೊಡಗಿದರು. ಸಾಮುವೆಲ್ ಕಾಕಾ ಕೆಂಪಾಗಿ ಬಂದು ನಿಂತರು.

“ಏನ್ ಮಾಡಾಕತ್ತೀರಿ ಟೀಚರ್?”

“ಪಿನ್ ತೆಗ್ಯಾಕತ್ತೇನ್ರಿ ಅಣ್ಣಾ. ದೇವರು ಹೆಂಗ ಮಾಡ್ಯಾನ ಅಂತ ನೋಡಿದ್ರ ದೇವರು ಸಣ್ಣಾಂವ ಆಗ್ತಾನೇನು? ಪಿನ್ನಿನ ಮ್ಯಾಲ ನಿಂತದೇನ್ರಿ ನಮ್ಮ ನಂಬಿಕಿ?”

ಕಾಕಾ ಬಂದ ದಾರಿಯಲ್ಲೇ ಹೊರಳಿ ಹೋದರು. ಬಿಚ್ಚಿದ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡೇ ಟೀಚರು ಮನೆಗೆ ನಡೆದರು. ಇಂಥವರೊಬ್ಬರು ನನ್ನ ಕಡೆ ಇರುವಾಗ ನನಗಿನ್ನೇನು ಭಯ ಎಂದುಕೊಂಡೆ.

ಪಿಯುಸಿ ಎರಡನೇ ವರ್ಷದಲ್ಲಿ ನಮ್ಮ ಅಜ್ಜಿ ತೀರಿಕೊಂಡಳು. ಆಕೆ ಉಳಿಯಲೆಂದು ಸಭೆಯವರೆಲ್ಲ ಉಪವಾಸ ಕೂತು ಪ್ರಾರ್ಥನೆ ಮಾಡಿದ್ದರು. ಮಣ್ಣು ಮುಗಿದ ವಾರ ನಾನು ಟೀಚರ ಅಡುಗೆಮನೆಯಲ್ಲಿ ಕೂತು, ಯಾರ ಮುಂದೂ ಹೇಳದ ಮಾತನ್ನು ಹೇಳಿದೆ. “ನಮ್ಮ ಪ್ರಾರ್ಥನಿ ಯಾರರೆ ಕೇಳ್ತಾರ ಅಂತ ಹೆಂಗ ಗೊತ್ತಾತ್ರಿ, ಟೀಚರ್?”

ಅವರು ಒಲೆ ಸಣ್ಣ ಮಾಡಿದರು. ಕೈಚೀಲದಿಂದ ಪೆಪ್ಪರಮೆಂಟು ತೆಗೆದು ನನ್ನ ಕೈಯಲ್ಲಿಟ್ಟರು. “ಕೇಳೋದು ಪಾಪ ಅಲ್ಲವ್ವಾ. ಆದ್ರ ಇದು ನಮ್ಮಿಬ್ಬರ ನಡುವ ಇರ್ಲಿ.”

ಪರೀಕ್ಷೆ ಮುಗಿಯಿತು. ನನಗೆ ಪ್ರಾಣಿಶಾಸ್ತ್ರ ಓದಬೇಕಿತ್ತು. ಕಲಬುರಗಿಯ ಕಾಲೇಜಿನ ಫಾರ್ಮ್ ತುಂಬಿ ಇಟ್ಟುಕೊಂಡಿದ್ದೆ, ಅಪ್ಪನ ಸಹಿಯೊಂದು ಬಾಕಿ. ಅಪ್ಪ ಬಸ್ ಕಂಡಕ್ಟರ್. ಹಟಮಾರಿ, ಆದರೆ ಟೀಚರ ಮಾತು ಮೀರುವವರಲ್ಲ. “ಟೀಚರು ಏನಂತಾರ ಅದ ಖರೆ. ನರ್ಸಿಂಗ್ ಅಂದ್ರ ನರ್ಸಿಂಗ್, ನೀ ಹೇಳಿದ್ದು ಅಂದ್ರ ನೀ ಹೇಳಿದ್ದು” ಎಂದರು. ನಾನು ಟೀಚರ ಮನೆಗೆ ಓಡಿದೆ. “ಫಿಕರ್ ಮಾಡಬ್ಯಾಡ. ನಿಮ್ಮಪ್ಪಗ ನಾ ಹೇಳ್ತೇನಿ” ಎಂದರು.

ಮರುದಿನ ಸಂಜೆ ಬಂದರು. ಚಹಾ ಕುಡಿದರು. ನನ್ನ ಕಡೆ ನೋಡಲಿಲ್ಲ.

“ಪ್ರಭುದಾಸಣ್ಣಾ, ನರ್ಸಿಂಗಿಗೇ ಹಾಕ್ರಿ.”

ಅಪ್ಪನಿಗೇ ಆಶ್ಚರ್ಯವಾಯಿತು. “ಹುಡುಗಿ ಶಾಣ್ಯಾ ಅದಾಳ ಅಂತ ನೀವ ಹೇಳ್ತಿದ್ರಲ್ರಿ?”

“ಶಾಣ್ಯಾ ಅದಾಳಂತನ ಹೇಳಾಕತ್ತೇನ್ರಿ. ನಂಬಿಕಿ ಗಟ್ಟಿ ಇಲ್ಲ ಆಕಿದು. ಪ್ರಾರ್ಥನಿ ಯಾರ್ ಕೇಳ್ತಾರ ಅಂತ ನನ್ನ ಮುಂದ ಕೇಳ್ಯಾಳ. ನನ್ನ ಮಗನ್ನ ನೋಡೀರಿಲ್ಲ? ನಾನ ಓದಿಸಿದೆ, ಎಮ್ಮೆಸ್ಸಿ ಮಾಡಿದ. ಈಗ ಕ್ರಿಸ್ಮಸ್ಸಿಗೂ ಚರ್ಚಿಗೆ ಬರಂಗಿಲ್ಲ. ಇನ್ನೊಂದು ಕೂಸು ನನ್ನ ಕೈಯಿಂದ ಹೋಗೂದು ಬ್ಯಾಡ.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಪ್ಪ ನನ್ನ ಫಾರ್ಮನ್ನು ನಾಲ್ಕು ಮಡಿಕೆ ಮಡಚಿ ಟಿಕೆಟಿನ ಚೀಲದಲ್ಲಿ ಹಾಕಿಕೊಂಡರು. ನಾನು ನರ್ಸಿಂಗ್ ಹಾಸ್ಟೆಲಿಗೆ ಹೋಗುವವರೆಗೂ ದಿನಾ ಬೆಳಿಗ್ಗೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಪ್ರಾರ್ಥನೆ ಮಾಡಿಸಿದರು. ನಾನು ಕಣ್ಣು ಮುಚ್ಚಿದ್ದೇನೋ ಇಲ್ಲವೋ ಎಂದು ನೋಡಲು ತಾವು ಕಣ್ಣು ತೆರೆದೇ ಇರುತ್ತಿದ್ದರು.

ನರ್ಸ್ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಇವತ್ತು ಕಲಬುರಗಿಯ ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಟೀಚರು ಕಾಲೇಜು ಬೇಡ ಎಂದಷ್ಟೇ ಹೇಳಿದ್ದರೆ ಅತ್ತು ಮರೆಯುತ್ತಿದ್ದೆ. ಕೇಳು ಕೇಳು ಎಂದು ಕಲಿಸಿದವರೇ ನಾನು ಕೇಳಿದ್ದನ್ನು ನನ್ನ ಮೇಲೆ ದೂರು ಮಾಡಿದರು. ಅದನ್ನು ಇವತ್ತಿಗೂ ಮರೆತಿಲ್ಲ. ಸಾಮುವೆಲ್ ಕಾಕಾ ಹೊಡೆದ ಪಿನ್ನನ್ನಾದರೂ ಕೀಳಬಹುದಿತ್ತು.

ರಿಟೈರ್ ಆದ ಮೇಲೆ ಅವರು ತವರೂರು ನರೋಣಾಕ್ಕೆ ಹೋದರು. ಬಿ.ಪಿ. ಹೆಚ್ಚಾಗಿದೆ, ನಿನ್ನನ್ನು ಕೇಳುತ್ತಾರೆ ಎಂದು ಅವ್ವ ಎರಡೆರಡು ಸಲ ಹೇಳಿದ ಮೇಲೆ, ಹೋದ ವರ್ಷ ರಜೆ ಹಾಕಿ ಬಸ್ ಹತ್ತಿದೆ. ಟೀಚರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತುರುಬಿಗೆ ಕೂದಲೇ ಉಳಿದಿರಲಿಲ್ಲ. ಕೈಚೀಲ ಮಾತ್ರ ತೊಡೆಯ ಮೇಲೆ ಹಾಗೇ ಇತ್ತು.

ಬಿ.ಪಿ. ನೋಡಿದೆ, ಗುಳಿಗೆ ಹೊಂದಿಸಿ ಕೊಟ್ಟೆ. ನನ್ನ ಕೈ ಹಿಡಿದುಕೊಂಡು ಅಂದರು, “ಸಿಟ್ಟ್ ಮಾಡ್ಕೊಂಡಿದ್ದಿ ಶೀಲಾ, ನಂಗ ಗೊತ್ತದ. ಆದ್ರ ನನ್ನ ಮಗನಂಗ ಆಗಲಿಲ್ಲಲ್ಲ ನೀ. ನಿನ್ನ ನಂಬಿಕಿ ಉಳೀತು. ನಂಗ ಅಷ್ಟ ಸಾಕು.”

“ಹೆಂಗ ಗೊತ್ತಾತ್ರಿ, ಟೀಚರ್?” ಎಂದೆ.

ಅವರ ಕೈ ತನ್ನಷ್ಟಕ್ಕೆ ಚೀಲದೊಳಗೆ ಹೋಗಿ ಒಂದು ಪೆಪ್ಪರಮೆಂಟು ತೆಗೆಯಿತು. ಆಮೇಲೆ ನಾನು ಕೇಳಿದ್ದೇನೆಂದು ಅವರಿಗೆ ಹೊಳೆಯಿತು. ಕೈ ಅಲ್ಲೇ ನಿಂತಿತು. ನನ್ನ ಮುಖವನ್ನೇ ನೋಡುತ್ತ ಕೂತರು.

ನಾನು ಕೈ ಚಾಚಲಿಲ್ಲ. ಕಲಬುರಗಿ ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಅದಾಗಿ ಹದಿನೈದು ದಿನಕ್ಕೆ ಅವರು ತೀರಿಹೋದರು.