ಆ ವಾರ್ಡಿನಲ್ಲಿ ಗಂಡನ ಹೆಸರು

ನನ್ನ ಗಂಡನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನಾಚಿಕೆ ಎಂದರೆ ನಾಚಿಕೆ, ಹಟ ಎಂದರೆ ಹಟ. ಬಸವಕಲ್ಯಾಣದ ನಮ್ಮ ಕ್ರೈಸ್ತರ ಓಣಿಯಲ್ಲಿ ಮಕ್ಕಳಿಗೆ ಬೈಬಲಿನಿಂದ ಹೆಸರು ಆರಿಸುತ್ತಿದ್ದರು. ಆದರೆ ಹೆಂಡತಿ ಗಂಡನ ಹೆಸರೆತ್ತಬಾರದೆಂಬ ರಿವಾಜು ಮಾತ್ರ ಸುತ್ತಲಿನ ಎಲ್ಲ ಮನೆಗಳಂತೆ ನಮ್ಮಲ್ಲೂ ಇತ್ತು. ಬಾಯಿಬಿಟ್ಟು ಹೇಳಲು ಒಂದೇ ದಾರಿ, ಒಡಪು. ಮದುವೆಯ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ‘ಗಂಡನ ಹೆಸರ ಹೇಳಿ ಒಳಗ ಬಾ’ ಎಂದು ಕಾಡುತ್ತಾರೆ. ಆಗ ಪ್ರಾಸದ ಸಾಲು ಕಟ್ಟಿ, ಅದರ ಕೊನೆಗೆ ಹೆಸರು ಸಿಕ್ಕಿಸಿ ಹೇಳಬೇಕು.

ಹುಮನಾಬಾದಿನ ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ಇದರಿಂದ ತೊಂದರೆಯಾಗಲಿಲ್ಲ. ಅಲ್ಲಿ ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಯಾರು? ಹುಲಸೂರಿನಿಂದ ಬಂದ ಮುದುಕಿ ಹುಲಸೂರ ಆಯಿ, ಗಡ್ಡದ ಮುದುಕ ಚಾಚಾ. ಅವರ ಹೊಲ, ಬೆಳೆ, ಸೊಸೆಯ ಮೇಲಿನ ದೂರು ಎಲ್ಲವೂ ನನಗೆ ಗೊತ್ತಿರುತ್ತಿತ್ತು. ಒಬ್ಬರ ಗುಳಿಗೆ ಇನ್ನೊಬ್ಬರ ಬಾಯಿಗೆ ಹೋಗುವ ಮಾತೇ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಇಂಗ್ಲೆಂಡಿಗೆ ಹೋದೆವು. ಅವರಿಗೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ, ನನಗೆ ಒಂದು ಆಸ್ಪತ್ರೆಯ ಗಂಡಸರ ವಾರ್ಡು. ಆದರೆ ಅಲ್ಲಿ ನಾನು ನರ್ಸ್ ಅಲ್ಲ, ಬರೀ ಸಹಾಯಕಿ. ವಾರ್ಡಿನ ಮುಖ್ಯ ನರ್ಸ್ ನನ್ನ ಕೆಲಸ ನೋಡಿ ಸಹಿ ಹಾಕಿದರೆ ಮಾತ್ರ ಮತ್ತೆ ನರ್ಸ್ ಆಗಬಹುದಿತ್ತು. ಸೂಜಿ ಚುಚ್ಚುವುದು, ಗಾಯ ಕಟ್ಟುವುದು ಎಲ್ಲಕ್ಕೂ ಆಕೆ ತಲೆದೂಗಿದರು. ಉಳಿದದ್ದು ಔಷಧಿ ಹಂಚುವ ಪರೀಕ್ಷೆ. ಪ್ರತಿಯೊಬ್ಬನನ್ನೂ ಪೂರ್ತಿ ಹೆಸರು ಹಿಡಿದು ಕರೆಯಬೇಕು, ಅವನು ಹೌದೆಂದ ಮೇಲೆಯೇ ಗುಳಿಗೆ.

ಒಳ್ಳೆಯ ನಿಯಮವೇ. ಆದರೆ ಬೈಬಲಿನ ಹೆಸರಲ್ಲವೇ, ಆ ದೇಶದಲ್ಲಿ ಎಲ್ಲಿ ನೋಡಿದರೂ ನನ್ನ ಗಂಡನ ಹೆಸರಿನವರೇ! ಹಾಲು ಹಾಕುವವನು ಅದೇ, ಅಂಚೆಯವನು ಅದೇ, ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯ ಮುದುಕನೂ ಅದೇ. ಅವನನ್ನು ಒಮ್ಮೆ ‘ಅಂಕಲ್’ ಎಂದು ಕರೆದು ನೋಡಿದೆ. ಮುಖ್ಯ ನರ್ಸ್ ಹುಬ್ಬು ಗಂಟಿಕ್ಕಿ, ‘ಹೆಸರು ಹೇಳದಿದ್ದರೆ ನಾನು ಸಹಿ ಹಾಕುವುದಿಲ್ಲ’ ಎಂದರು.

ಮನೆಗೆ ಬಂದು ಹೇಳಿದರೆ ಗಂಡನಿಗೆ ನಗು.

‘ನನ್ನ ಹೆಸರು ಅಷ್ಟು ತುಟ್ಟಿ ಆಗ್ಯಾದೇನು? ಕರದು ಬಿಡು.’

‘ಅತ್ತಿ ಏನಂತಾರ್ರಿ?’

‘ಅವ್ವ ಕಲ್ಯಾಣದಾಗ ಕುಂತಾಳ. ಅಲ್ಲೀತನಕ ಕೇಳತದೇನು?’

ನನಗೇನೋ ಕೇಳುತ್ತದೆ ಎಂದೇ ಅನಿಸುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಔಷಧಿಯ ಗಾಡಿ ತಳ್ಳುತ್ತ ಹೊರಟೆ. ಹಿಂದೆ ಮುಖ್ಯ ನರ್ಸ್. ಕಿಟಕಿಯ ಹಾಸಿಗೆ ಬಂತು. ನಾಲಿಗೆ ಏಳಲೇ ಇಲ್ಲ. ನರ್ಸ್ ಕೆಲಸ ಕೈಬಿಟ್ಟುಹೋಯಿತು ಎಂದುಕೊಂಡೆ. ಆಗ ಅದು ಹೇಗೆ ನೆನಪಾಯಿತೋ, ಗುಳಿಗೆಯ ಬಟ್ಟಲು ಕೆಳಗಿಟ್ಟು, ಟೋಪಿ ಸರಿಮಾಡಿಕೊಂಡು, ಹೊಸ್ತಿಲ ಮುಂದೆ ನಿಂತ ಮದುಮಗಳ ಹಾಗೆ ಶುರುಮಾಡಿದೆ:

‘ಕಲ್ಯಾಣದ ಕೋಟಿಗಿ ಕರಿಕಲ್ಲಿನ ಕಟ್ಟಿ,
ಹುಮನಾಬಾದ ಸಂತ್ಯಾಗ ಹೂವಿನ ಬುಟ್ಟಿ,
ಹೆಸರ ಹೇಳತೀನಿ ಮನಸ ಮಾಡಿ ಗಟ್ಟಿ...’

ಅದರ ಬೆನ್ನಿಗೇ ಹೆಸರು, ಪೂರ್ತಿಯಾಗಿ, ವಾರ್ಡಿಗೆಲ್ಲ ಕೇಳುವಂತೆ!

ಮುದುಕ ಕಣ್ಣರಳಿಸಿ, ‘ಹೌದಮ್ಮ, ನಾನೇ’ ಎಂದು ಬಾಯಿ ತೆರೆದ. ನಾನು ಕೆಂಪಾಗಿ, ನನಗೆ ಬಂದ ಇಂಗ್ಲಿಷಿನಲ್ಲಿ ರಿವಾಜನ್ನು ವಿವರಿಸಿದೆ. ಮುಖ್ಯ ನರ್ಸ್ ಗಂಭೀರವಾಗಿ ಕೇಳಿ, ‘ಹೆಸರು ಸರಿ, ಮನುಷ್ಯ ಸರಿ, ಔಷಧಿ ಸರಿ. ಹಾಡಬಾರದೆಂಬ ನಿಯಮ ನನಗೆ ಗೊತ್ತಿಲ್ಲ’ ಎಂದು ಸಹಿ ಹಾಕಿದರು. ಪಕ್ಕದ ಹಾಸಿಗೆಯವನು ತನಗೇಕೆ ಪದ್ಯವಿಲ್ಲವೆಂದು ಜಗಳಕ್ಕೇ ನಿಂತ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಅವನಿಗೂ ಒಂದು ಕಟ್ಟಿ ಹೇಳಿದೆ.

ಕೆಲವು ವರ್ಷಗಳ ಮೇಲೆ ರಜೆಯಲ್ಲಿ ಬಸವಕಲ್ಯಾಣಕ್ಕೆ ಬಂದಾಗ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಕಡ್ಡಿ ಆರಿಸುತ್ತಿದ್ದ ಜೋಳದ ಮೊರವನ್ನು ಪಕ್ಕಕ್ಕೆ ಸರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಒಡಪ ಹಾಕಿ ಹೇಳಿದಿ, ತಪ್ಪಿಲ್ಲ ಬಿಡು.’ ಆಮೇಲೆ ಕೇಳಿದರು, ‘ಅಲ್ಲಿ ನಿಮ್ಮ ಮಾವನ ಹೆಸರಿನವರೂ ಇರತಾರೇನು?’

ಮಾವ ನಾನು ಮದುವೆಯಾಗಿ ಬರುವ ಮೊದಲೇ ತೀರಿಹೋಗಿದ್ದರು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ, ಗಂಡನ ಪಾಸ್‌ಪೋರ್ಟಿನಲ್ಲಿ ಓದಿದ್ದೆ ಅಷ್ಟೇ.

‘ಭಾಳ ಮಂದಿ ಇರತಾರ್ರಿ.’

‘ಅವರನೂ ಕರೀತಿ?’

‘ದಿನಾ ಕರೀತೀನ್ರಿ.’

‘ಹ್ಯಾಂಗ ಕರೀತಿ? ನನಗ ಒಮ್ಮಿ ಕರದು ತೋರಸು.’

ನಾನು ಎದ್ದು ನಿಂತು, ವಾರ್ಡಿನಲ್ಲಿ ಕರೆಯುವಂತೆಯೇ ಮಾವನ ಹೆಸರನ್ನು ಪೂರ್ತಿಯಾಗಿ ಕರೆದೆ. ಅತ್ತೆ ಬಾಗಿಲ ಕಡೆ ತಿರುಗಿದರು. ಕೈ ತನ್ನಷ್ಟಕ್ಕೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮುಖದ ಮೇಲೆ ಹೊಸ ಮದುವಣಗಿತ್ತಿಯ ನಗು.

‘ಇನ್ನೊಮ್ಮಿ ಕರಿ,’ ಎಂದರು.