ಹುಳದ ಮನೆಯ ಹಿಂದಿನ ಜುಮುಕಿ ದಾಸವಾಳ

ಕೈಲಾಂಚದ ಹತ್ತಿರ, ನಮ್ಮ ರೇಷ್ಮೆ ಹುಳದ ಮನೆಯ ಹಿಂದೆ ಒಂದು ಜುಮುಕಿ ದಾಸವಾಳ ಇತ್ತು. ಚನ್ನಪಟ್ಟಣದ ತವರಿನಿಂದ ಕಡ್ಡಿ ತಂದು ನೆಟ್ಟವಳು ನಾನೇ. ಉದ್ದ ತೊಟ್ಟಿನ ತುದಿಯಲ್ಲಿ ಹೂ ತಲೆಕೆಳಗಾಗಿ ತೂಗುತ್ತಿತ್ತು. ದಳಗಳು ಸೀಳಿಕೊಂಡು ಹಿಂದಕ್ಕೆ ಸುರುಳಿಯಾಗಿರುತ್ತಿದ್ದವು. ಕೆಂಪು ಎಂದು ಬರೆಯಲು ಹೊರಟೆ. ನನ್ನ ಗಂಡ ಗುಲಾಬಿ ಎನ್ನುತ್ತಾರೆ. ಇರಲಿ.

ಊರವರೆಲ್ಲ ರಾಗಿ ಹೊಲ ಬಿಟ್ಟು ಹಿಪ್ಪುನೇರಳೆ ಹಾಕುತ್ತಿದ್ದ ಕಾಲ. ಒಂದು ಬೆಳಗ್ಗೆ ಅತ್ತೆ ನನ್ನ ಗಿಡದ ಚಿಗುರು ಮುರಿದು ತೋರಿಸಿದರು. ಒಳಗೆ ಬಿಳಿ ಹಿಟ್ಟಿನಂಥ ತಿಗಣೆ. ಇದು ಪಕ್ಕದ ಹಿಪ್ಪುನೇರಳೆಗೆ ದಾಟಿದರೆ ಸೊಪ್ಪೆಲ್ಲ ಮುದುರುತ್ತದೆ, ಈ ಹುಳದ ಬೆಳೆ ಮುಗಿಯಲಿ, ಗಿಡ ಕಡಿಸುತ್ತೇನೆ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನನಗೆ ಕಷ್ಟವಾದದ್ದೇ ಅದು.

ಮನೆಯಲ್ಲಿ ಹುಳ ಇರುವಾಗ ಯಾರೂ ಕೀಟದ ಔಷಧಿ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ, ಅದರ ಗಾಳಿಯೂ ಹುಳಕ್ಕೆ ಆಗದು. ಸಂಜೆ ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗ ನಾನು ತೆಗೆದೆ. ಬದನೆಗೆಂದು ತಂದಿಟ್ಟಿದ್ದನ್ನು ಸೊಳ್ಳೆ ಪಂಪಿಗೆ ತುಂಬಿ ಗಿಡಕ್ಕೆ ಹೊಡೆದೆ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲಿಲ್ಲ.

ಮರುದಿನ ಗಂಡ ಸೊಪ್ಪು ಕೊಯ್ದು ತಂದರು. ಯಾವ ಸಾಲಿನದು ಎಂದು ಕೇಳಿದೆ. ದಾಸವಾಳದ ಪಕ್ಕದ್ದಂತೆ. ಹುಳಗಳು ಕೊನೆಯ ಪೊರೆ ಕಳಚಿ ಹಸಿದಿದ್ದವು. ಇನ್ನೊಂದು ವಾರ ಮೇದರೆ ಗೂಡು.

"ಅತ್ತೆ, ಆ ಸೊಪ್ಪು ಹಾಕ್ಬ್ಯಾಡಿ. ನಾನು ಗಿಡಕ್ಕೆ ಔಷಧಿ ಹೊಡ್ದಿವ್ನಿ."

ಹುಳ ಮೇಯುವ ತಟ್ಟೆಗೆ ಸೊಪ್ಪು ಬೀಳುವ ಮೊದಲೇ ಇದನ್ನು ಹೇಳಿದೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ. ಎರಡು ತಟ್ಟೆಗೆ ಆಗಲೇ ಹಾಕಿಯಾಗಿತ್ತು ಎನ್ನುತ್ತಾರೆ ಗಂಡ. ಆ ಎರಡು ತಟ್ಟೆ ಹೊತ್ತು ಜಗಲಿಗೆ ತಂದದ್ದು ನನ್ನ ತೋಳಿಗೆ ಇನ್ನೂ ನೆನಪಿದೆ. ಹಾಗಾದರೆ ಅವರು ಹೇಳುವುದೇ ನಿಜ.

ಅತ್ತೆ ಮಿಕ್ಕ ಹುಳಕ್ಕೆ ಆಚೆ ತುದಿಯ ಸೊಪ್ಪು ತರಲು ನನ್ನ ಗಂಡನನ್ನು ಓಡಿಸಿ, ಆ ಎರಡು ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಹುಳ ಆಗಲೇ ಬಾಯಿ ಹಾಕಿತ್ತು, ಇನ್ನು ಸೊಪ್ಪು ಎತ್ತಿ ಫಲವಿರಲಿಲ್ಲ. ವಿಷ ತಾಗಿದ ಹುಳ ತಲೆ ಎತ್ತಿ ತೂಗಾಡಿ ಹಸಿರು ಕಾರುತ್ತದೆ. ನಾನೂ ಕೂತೆ. ಬಿಸಿಲು ಜಗಲಿ ಹತ್ತಿತು. ಒಂದು ಹುಳ ತಲೆ ಎತ್ತಿತು. ಅತ್ತೆ ಬಗ್ಗಿದರು. ಅದು ಸುಮ್ಮನೆ ಪಕ್ಕದ ಎಲೆಗೆ ಬಾಯಿ ಹಾಕಿತು.

ಮಧ್ಯಾಹ್ನದ ಹೊತ್ತಿಗೆ ತಟ್ಟೆಯಲ್ಲಿ ಎಲೆಯ ನರ ಮಾತ್ರ ಉಳಿದಿತ್ತು.

"ಮೇದವೆ ಕಣಮ್ಮಿ," ಎಂದರು ಅತ್ತೆ. "ಒಸಿ ನೀರ್ ತತ್ತಾ, ಬಾಯಿ ಒಣಗೋಗೈತೆ."

ಗಾಳಿ ಆಚೆ ಕಡೆಗೆ ಬೀಸಿತ್ತೋ, ನನ್ನ ಪಂಪೇ ಸರಿಯಿರಲಿಲ್ಲವೋ, ಗೊತ್ತಿಲ್ಲ. ಆ ಎರಡು ತಟ್ಟೆಯ ಹುಳಗಳೂ ಗೂಡು ಕಟ್ಟಿದವು.

ಗೂಡು ಬಿಡಿಸಿ ಬೆಳೆ ಇಳಿದ ದಿನ ನಾನೇ ಮಚ್ಚು ತೆಗೆದುಕೊಂಡು ಗಿಡ ಕಡಿದೆ. ಅತ್ತೆ ತಿಗಣೆ ಇಲ್ಲದ ಒಂದು ಕಡ್ಡಿ ಹುಡುಕಿ, ತೊಳೆದು, ತೋಟದಿಂದ ದೂರ, ಬೀದಿ ಕಡೆಯ ಒಗೆಯುವ ಕಲ್ಲಿನ ಹತ್ತಿರ ಊರಿದರು. ಸೊಳ್ಳೆ ಪಂಪನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ. ಆ ರಾತ್ರಿ ಸೊಳ್ಳೆ ಕಚ್ಚಿಸಿಕೊಂಡೇ ಮಲಗಿದೆ. ಒಳ್ಳೆಯ ನಿದ್ದೆ ಬಂತು.