ಮಾದಪ್ಪನ ಒಂದು ಬಿಂದಿಗೆ ನೀರು

ಐದಾರು ವರ್ಷದ ಹಿಂದಿನ ಮಾತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಹಡಗುಗಳಿಗೆ ಪಂಪ್ ತಯಾರಿಸುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ನಾನು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. "ಸಮುದ್ರಾನೇ ನೋಡದೋರು ಹಡಗಿನ ಪಂಪ್ ಮಾಡ್ತಾರಂತೆ" ಎಂದು ರೇಗಿಸುವವರಿಗೇನೂ ಕಡಿಮೆಯಿರಲಿಲ್ಲ.

ನಮ್ಮದು ಎಮರ್ಜೆನ್ಸಿ ಫೈರ್ ಪಂಪ್. ಹಡಗಿನ ಎಂಜಿನ್ ರೂಮಿಗೇ ಬೆಂಕಿ ಬಿದ್ದರೆ ಅಲ್ಲಿನ ಪಂಪುಗಳೆಲ್ಲ ಕೈಕೊಡುತ್ತವೆ. ಆಗ ಬೇರೆ ಕಡೆ ಕೂರಿಸಿದ ಈ ಪಂಪೇ ಗತಿ. ಹಡಗು ಖಾಲಿಯಿದ್ದಾಗ ಇದು ಸಮುದ್ರದ ಮಟ್ಟಕ್ಕಿಂತ ಮೇಲಿರುತ್ತದೆ. ಹಾಗಾಗಿ ಪೈಪಿನ ಗಾಳಿ ಹೊರಹಾಕಿ ತಾನೇ ನೀರು ಎಳೆದುಕೊಳ್ಳಬೇಕು. ಅದಕ್ಕೆಂದೇ ಪಕ್ಕದಲ್ಲೊಂದು ಪುಟ್ಟ ವ್ಯಾಕ್ಯೂಮ್ ಪಂಪ್ ಇರುತ್ತದೆ. ನಮ್ಮ ಹೊಸ ಮಾದರಿಯಂತೂ ಗುಂಡಿ ಒತ್ತಿದ್ದೇ ತಡ ನೀರು ಎಳೆಯುತ್ತಿತ್ತು. ಮಾಲೀಕರು ಸಿಹಿ ಹಂಚಿದರು. ಮೊದಲ ಪಂಪ್ ಹಡಗೊಂದಕ್ಕೆ ಕೂತು, ಅಲ್ಲಿನ ಟ್ರಯಲ್ಲೂ ಪಾಸಾಯಿತು.

ಒಂದು ಭಾನುವಾರ ನಮ್ಮ ಫಿಟ್ಟರ್ ಮಾದಪ್ಪ ಊಟಕ್ಕೆ ಕರೆದನೆಂದು ಬಿಳಿಗೆರೆ ಪಕ್ಕದ ಅವನ ಊರಿಗೆ ಹೋಗಿದ್ದೆ. ಗದ್ದೆಗೆ ನೀರು ಬಿಡಲು ಹೊರಟವನ ಜೊತೆ ಹೆಜ್ಜೆ ಹಾಕಿದೆ. ಅವನು ಪಂಪ್‌ಸೆಟ್ಟಿಗೆ ಒಂದು ಬಿಂದಿಗೆ ನೀರು ಸುರಿದು, ಆಮೇಲೆ ಸ್ವಿಚ್ ಹಾಕಿದ.

"ಅದ್ಯಾಕಯ್ಯಾ ಸುರಿದೆ?"

"ನೀರ್ ಕುಡಿಸ್ದೆ ಓಡಿಸಿದ್ರೆ ಸೀಲ್ ಸುಟ್ಟೋಯ್ತದೆ ಸಾ. ಫ್ಯಾಕ್ಟ್ರೀಲೂ ಅಷ್ಟೇಯ, ನೀವ್ ಬರೋಕ್ ಮುಂಚೆ ಒಂದ್ ಬಿಂದ್ಗೆ ಕುಡಿಸಿ ಮಡಗಿರ್ತೀನಿ."

ಅಂದರೆ ನಮ್ಮ ಪಂಪ್ ಒಣ ಪೈಪಿನಿಂದ ತಾನಾಗಿ ನೀರು ಎಳೆದದ್ದನ್ನು ನಾನು ಒಮ್ಮೆಯೂ ನೋಡಿರಲೇ ಇಲ್ಲ!

ಸೋಮವಾರ ಬೆಳಿಗ್ಗೆ ಪೈಪು ಪೂರ್ತಿ ಒಣಗಿಸಿ ಪಂಪ್ ಓಡಿಸಿದೆ. ಬರೀ ಸದ್ದು. ಗೇಜಿನ ಮುಳ್ಳು ಮಿಸುಕಲಿಲ್ಲ. ಬಿಚ್ಚಿ ನೋಡಿದರೆ ವ್ಯಾಕ್ಯೂಮ್ ಪಂಪಿನ ವಾಲ್ವ್ ಹಿಂದುಮುಂದಾಗಿತ್ತು, ಡ್ರಾಯಿಂಗಿನಲ್ಲೇ ತಪ್ಪಿತ್ತು. ಹಡಗಿನ ಕಡೆಯವರಿಗೆ ಫೋನ್ ಮಾಡಿ ವಿಚಾರಿಸಿದೆ. ಟ್ರಯಲ್ ದಿನ ಹಡಗು ಸರಕು ತುಂಬಿ ಆಳಕ್ಕೆ ಕೂತಿದ್ದರಿಂದ ನೀರು ತಾನಾಗಿ ನುಗ್ಗಿತ್ತು. ಈಗ ಅದು ಸರಕಿಳಿಸಿ, ಖಾಲಿಯಾಗಿ ಹೊರಡುವುದರಲ್ಲಿತ್ತು.

"ಪಾಸಾಗಿದೆಯಲ್ರೀ, ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ? ಸರ್ವಿಸಿಗೆ ಬಂದಾಗ ಸದ್ದಿಲ್ಲದೆ ಬದಲಾಯಿಸೋಣ" ಎಂದರು ಮಾಲೀಕರು.

ನನಗೆ ರೇಗಿಹೋಯಿತು. "ಅಷ್ಟರಲ್ಲಿ ಬೆಂಕಿ ಬಿದ್ರೆ ಮಾದಪ್ಪ ಬಿಂದಿಗೆ ಹೊತ್ಕೊಂಡು ಸಮುದ್ರಕ್ಕೆ ಹೋಗ್ತಾನಾ ಸಾರ್?"

ಅವರು ಫೋನ್ ಎತ್ತಿಕೊಂಡರು. ಪಂಪಿನಲ್ಲಿ ದೋಷವಿದೆ, ಹಡಗು ನಿಲ್ಲಿಸಿ ಎಂದು ತಾವೇ ಹೇಳಿದರು. ಕಾರ್ಖಾನೆಯ ಮರ್ಯಾದೆ ಹೋಯಿತು, ನಿಜ.

ಹೊರಗೆ ಮಾದಪ್ಪ ಮುಖ ಸಣ್ಣಗೆ ಮಾಡಿಕೊಂಡು ಬ್ಯಾಗ್ ಹಿಡಿದು ನಿಂತಿದ್ದ.

"ಎಲ್ಲಿಗೆ ಸವಾರಿ?"

"ಕೆಲ್ಸ ಓಯ್ತಲ್ಲ ಸಾ."

"ಈ ವಾಲ್ವ್ ಬದಲಾಯಿಸೋರು ಯಾರು, ನಿಮ್ಮಪ್ಪನಾ? ನಡಿ ಒಳಗೆ."

ವಾಲ್ವ್ ಸರಿಮಾಡಿ ಮತ್ತೆ ಒಣ ಪೈಪಿನಲ್ಲೇ ಓಡಿಸಿದೆವು. ನೀರು ಬರಲಿಲ್ಲ. ಮಾದಪ್ಪನಿಗೆ ನಿಂತ ಕಡೆ ನಿಲ್ಲಲಾಗಲಿಲ್ಲ.

"ಒಂದ್ ಚೊಂಬಾದ್ರೂ ಉಯ್ಲಾ ಸಾ?"

"ಮುಟ್ಟಿದ್ರೆ ಕೈ ಮುರೀತೀನಿ!"

ಅಷ್ಟರಲ್ಲಿ ಮುಳ್ಳು ಅಲುಗಿತು, ಮೇಲೇರಿತು. ನೀರು ಭೋರೆಂದು ಬಂದು ತೊಟ್ಟಿಗೆ ಬಿತ್ತು. ಅಬ್ಬ, ಉಸಿರು ಬಂತು! ಹೀಗೇ ಸರಿಮಾಡಿದ ಇನ್ನೊಂದು ವಾಲ್ವ್ ತೆಗೆದುಕೊಂಡು ಮಾದಪ್ಪನೇ ಬಂದರಿಗೆ ಹೋಗಿ ಕೂರಿಸಿದ. ಆಮೇಲೆಯೇ ಆ ಹಡಗು ಹೊರಟಿದ್ದು.

ಸಮುದ್ರದಲ್ಲಿ ಯಂತ್ರಕ್ಕೆ ಯಾರೂ ಒತ್ತಾಸೆಗಿಲ್ಲ. ಟೆಸ್ಟ್ ಮಾಡುವಾಗಲೂ ಅದನ್ನು ಅದರ ಪಾಡಿಗೆ ಬಿಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಾನೀಗ ನಿವೃತ್ತ. ಮಾದಪ್ಪ ಇನ್ನೂ ಅಲ್ಲಿದ್ದಾನೆ. ಗದ್ದೆಯಲ್ಲಿ ಇವತ್ತಿಗೂ ಬಿಂದಿಗೆ ಸುರಿಯುತ್ತಾನೆ. ಟೆಸ್ಟ್ ಇದ್ದ ದಿನ ಮಾತ್ರ ಕಾರ್ಖಾನೆಯಲ್ಲಿ ಎರಡೂ ಕೈ ಕಟ್ಟಿಕೊಂಡು, ಪಂಪಿನ ಕಡೆ ನೋಡದೆ ನಿಂತಿರುತ್ತಾನಂತೆ.